ಅಂಜನಾದ್ರಿಯೋ, ಹಿರೇಬೆಣಕಲ್ ಗುಡ್ಡವೋ?

ಕೊಪ್ಪಳ ಜಿಲ್ಲೆಯ ನಮ್ಮ ಗಂಗಾವತಿಗೆ ಬರುವ ನೆಂಟರೆಲ್ಲ ಕೇಳುವುದು ಅಂಜನಾದ್ರಿಯನ್ನೇ. ಖಂಡಿತ ಕರೆದುಕೊಂಡು ಹೋಗುತ್ತೇನೆ. ಆದರೆ ಕಾಲಲ್ಲಿ ಕಸುವಿದ್ದವರಿಗೆ ಹಿರೇಬೆಣಕಲ್ ಗುಡ್ಡ ತೋರಿಸದೆ ಕಳಿಸಲು ನನಗೆ ಮನಸ್ಸೇ ಬರುವುದಿಲ್ಲ.

ಅಂಜನಾದ್ರಿಗೆ 575 ಮೆಟ್ಟಿಲು. ಬಿಳಿ ಬಳಿದ ಆ ಸಾಲು ದೂರದಿಂದಲೇ ಕಾಣುತ್ತದೆ, ದಾರಿ ತಪ್ಪುವ ಮಾತೇ ಇಲ್ಲ. ವಯಸ್ಸಾದವರೂ ಅಲ್ಲಲ್ಲಿ ಕೂತು ಹತ್ತುತ್ತಾರೆ. ಹನುಮಂತ ಹುಟ್ಟಿದ ಜಾಗ ಎಂಬ ನಂಬಿಕೆ ಇರುವುದರಿಂದ ಶನಿವಾರ ಮತ್ತು ಹನುಮಮಾಲೆಯ ದಿನಗಳಲ್ಲಿ ಜನ ಜಾಸ್ತಿ. ಕೈಯಲ್ಲಿ ಬಾಳೆಹಣ್ಣು ಕಂಡರೆ ಕೋತಿಗಳು ಬಿಡುವುದಿಲ್ಲ. ಮೇಲೆ ನಿಂತರೆ ತುಂಗಭದ್ರೆ, ಬತ್ತದ ಗದ್ದೆ, ಬಾಳೆ ತೋಟ, ಹೊಳೆಯಾಚೆ ಹಂಪಿಯ ವಿರೂಪಾಕ್ಷನ ಗೋಪುರ. ಸಂಜೆಯ ನೋಟಕ್ಕೆ ನಮ್ಮ ಸೀಮೆಯಲ್ಲಿ ಇದನ್ನು ಮೀರಿಸುವ ಗುಡ್ಡ ನಾನು ಕಂಡಿಲ್ಲ.

ಹಿರೇಬೆಣಕಲ್ ಬೇರೆಯೇ. ಬಂಡೆ, ಮುಳ್ಳುಕಂಟಿ, ನಡುವೆ ಸಣ್ಣ ಕಾಲುದಾರಿ. ಎಲ್ಲಿ ಹೊರಳಬೇಕು ಅಂತ ಹೊಸಬರಿಗೆ ತಿಳಿಯುವುದಿಲ್ಲ. ಬಿಸಿಲಿಗೆ ಬಂಡೆ ಕಾಯ್ದರೆ ನಡೆಯುವುದೇ ಕಷ್ಟ.

ಆದರೆ ಮೇಲೇರಿದ ಮೇಲೆ ಎದುರಾಗುವುದು ಕಲ್ಮನೆಗಳ ಒಂದು ಊರೇ! ಇವು ಕಬ್ಬಿಣ ಯುಗದವರ ಸಮಾಧಿಗಳು, ಎರಡು ಸಾವಿರ ವರ್ಷಕ್ಕೂ ಹಳೆಯವು. ಸಣ್ಣವು, ದೊಡ್ಡವು ಸೇರಿ ಸುಮಾರು 400. ಸುತ್ತ ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ್ದಾರೆ. ಕೆಲವು ಆಳೆತ್ತರಕ್ಕಿಂತ ಎತ್ತರ. ಹಲವಕ್ಕೆ ಎದುರಿನ ಚಪ್ಪಡಿಯಲ್ಲಿ ದುಂಡನೆಯ ಕಿಂಡಿ ಇದೆ. ಬಗ್ಗಿ ಒಳಗೆ ನೋಡಿದರೆ ಬರೀ ನೆರಳು, ಮಣ್ಣು. ಇಷ್ಟು ಗಟ್ಟಿ ಕಲ್ಲನ್ನು ಅಷ್ಟು ದುಂಡಗೆ ಹೇಗೆ ಕಡಿದರೋ ಎಂದು ನನಗೆ ಪ್ರತಿ ಸಲವೂ ಬೆರಗು. ಚಪ್ಪಡಿ ಎಬ್ಬಿಸಿದ ಹಾಸುಬಂಡೆ ಅಲ್ಲೇ ಇದೆ. ಕಲ್ಲು ತೆಗೆದ ತಗ್ಗಿನಲ್ಲಿ ನೀರು ನಿಂತು ಕೆರೆಯಾಗಿದೆ. ಎತ್ತರದ ಬಂಡೆಯ ಮೇಲೆ ನಗಾರಿ ಆಕಾರದ ಕಲ್ಲೊಂದಿದೆ. ಬಡಿದರೆ ಅದರ ಸದ್ದು ದೂರದವರೆಗೂ ಕೇಳುತ್ತದೆ. ಈ ಜಾಗ 2021ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆ ತಾಣಗಳ ತಾತ್ಕಾಲಿಕ ಪಟ್ಟಿಗೆ ಸೇರಿತು. ಆದರೂ ನಮ್ಮ ಜಿಲ್ಲೆಯವರೇ ಎಷ್ಟೋ ಮಂದಿ ನೋಡಿಲ್ಲ. ಅದು ನನಗೆ ನಿಜಕ್ಕೂ ನೋವಿನ ಸಂಗತಿ.

ಚಿಕ್ಕ ಮಕ್ಕಳು, ಮಂಡಿನೋವಿನವರು ಜೊತೆಗಿದ್ದರೆ ಸುಮ್ನೆ ಅಂಜನಾದ್ರಿಗೇ ಹೋಗಿ. ಒಂದೇ ಗುಡ್ಡ ಆರಿಸಿಕೋ ಎಂದರೆ ನನ್ನ ಮತ ಹಿರೇಬೆಣಕಲ್ಲಿಗೆ.

ಹೋಗುವವರು ಬೆಳಗ್ಗೆ ಮಂಡಕ್ಕಿ ಒಗ್ಗರಣೆ-ಮಿರ್ಚಿ ತಿಂದು ಬೇಗ ಹೊರಡಿ. ನೀರು ತುಂಬಾ ಒಯ್ಯಿರಿ, ಮೇಲೆ ಅಂಗಡಿ ಇಲ್ಲ. ಊರಿನಲ್ಲಿ ದಾರಿ ಬಲ್ಲವರೊಬ್ಬರನ್ನು ಕರೆದುಕೊಳ್ಳಿ. ಕರಡಿ, ಚಿರತೆ ಓಡಾಡುವ ಸೀಮೆ ಇದು, ಕತ್ತಲಾಗುವ ಮುಂಚೆಯೇ ಇಳಿದುಬಿಡಿ. ಚಪ್ಪಡಿಗಳ ಮೇಲೆ ಮಾತ್ರ ದಯವಿಟ್ಟು ಹತ್ತಬೇಡಿ. ಎಷ್ಟೋ ಈಗಾಗಲೇ ವಾಲಿ ನಿಂತಿವೆ.