ಹೊಸ ಕೋವಿ ತಗೊಳ್ಳುವವರು ಇದನ್ನೊಮ್ಮೆ ಓದಿ: ಮುಚ್ಚುವಾಗಲೇ ಈಡು ಹಾರಿತು, ಕಂಪನಿ ತಪ್ಪು ನಮ್ಮದೇ ಅಂತು

ಕಳೆದ ವರ್ಷ ಕೈಲ್‌ಪೊಳ್ದ್, ಅಂದರೆ ನಮ್ಮ ಕೊಡವರ ಆಯುಧ ಪೂಜೆಯ ಹಬ್ಬದ ಮಧ್ಯಾಹ್ನ. ಬೆಳಿಗ್ಗೆ ಕೋವಿಗೆ ತೋಕ್ ಪೂ (ಕೋವಿ ಹೂವು) ಸಿಕ್ಕಿಸಿ ಪೂಜೆ ಮಾಡಿದ್ದೆವು. ಊಟ ಮುಗಿಸಿ ತೆಂಗಿನಕಾಯಿಗೆ ಗುಂಡು ಹೊಡೆಯಲು ಎಲ್ಲರೂ ಮೈದಾನಕ್ಕೆ ಹೋದೆವು. ನನ್ನ ಕೈಯಲ್ಲಿ ಹೊಸ ಡಬಲ್ ಬ್ಯಾರೆಲ್, ಹನ್ನೆರಡು ಬೋರ್. ಕಾಫಿ ಮಾರಿದ ಹಣದಲ್ಲಿ ಆಸೆಪಟ್ಟು ತಗೊಂಡಿದ್ದು. ತಗೊಂಡು ಐದು ತಿಂಗಳೂ ಆಗಿರಲಿಲ್ಲ.

ಕೋವಿಯನ್ನು ನಡುವೆ ಮಡಚಿ ತೆರೆದು ಎರಡು ತೋಟಾ ಹಾಕಿದೆ. ಬಾಯಿ ನೆಲದ ಕಡೆಗಿತ್ತು. ಸೇಫ್ಟಿ ಹಾಕೇ ಇತ್ತು. ಬೆರಳು ಟ್ರಿಗರ್ ಹತ್ತಿರವೂ ಇರಲಿಲ್ಲ. ಮುಚ್ಚಿದ ಕೂಡಲೇ ಬಲಗಡೆಯ ನಳಿಗೆಯಿಂದ ಈಡು ಹಾರಿತು.

ಚಿಕ್ಕಪ್ಪ ನನ್ನ ಪಕ್ಕದಲ್ಲೇ ನಿಂತಿದ್ದರು. ಅವರ ಕಾಲಿನಿಂದ ಒಂದು ಮೊಳ ದೂರದಲ್ಲಿ ಮಣ್ಣು ಕಿತ್ತು ಹೋಗಿ, ತೆಂಗಿನ ಚಿಪ್ಪಿನಷ್ಟು ಗುಂಡಿ ಬಿದ್ದಿತ್ತು. ಅವರು ತೊಟ್ಟಿದ್ದ ಕುಪ್ಯದ (ನಮ್ಮ ಉದ್ದ ನಿಲುವಂಗಿ) ಅಂಚಿಗೆಲ್ಲ ಕೆಂಪು ಮಣ್ಣು ಸಿಡಿದಿತ್ತು. ಐದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಚಿಕ್ಕಪ್ಪನೇ, 'ಬ್ಯಾರೆಲ್ ಕೆಳಗಿತ್ತಲ್ಲ ಮಗ, ಅದೇ ಉಳಿಸಿದ್ದು' ಅಂದರು. ಈಗಲೂ ಆ ಮಾತು ನೆನಪಾದರೆ ಕೈ ನಡುಗುತ್ತದೆ.

ಮನೆಗೆ ಬಂದು, ತೋಟಾ ಇಲ್ಲ ಅಂತ ಎರಡೆರಡು ಸಲ ನೋಡಿ, ಖಾಲಿ ಕೋವಿಯನ್ನೇ ಮಡಚಿ ಮುಚ್ಚಿ ನೋಡಿದೆ. ನಾಲ್ಕನೇ ಸಲ ಒಳಗೆ 'ಟಕ್' ಅಂತ ಶಬ್ದ ಬಂತು. ಟ್ರಿಗರ್ ಮುಟ್ಟದೆಯೇ, ಈಡು ಹಾರಿಸಲು ಒಳಗೆ ಬಡಿಯುವ ಹ್ಯಾಮರ್ ಬಿದ್ದಿತ್ತು! ಹತ್ತು ಸಲದಲ್ಲಿ ಮೂರು ಸಲ ಹೀಗೇ ಆಯಿತು. ತಂಗಿ ಪಕ್ಕದಲ್ಲಿ ನಿಂತು ಫೋನಿನಲ್ಲಿ ಎಲ್ಲವನ್ನೂ ವಿಡಿಯೋ ಮಾಡಿದಳು.

ನನಗೂ ಆಗಲೇ ತಿಳಿದ ವಿಷಯ ಒಂದಿದೆ. ನಮ್ಮಲ್ಲಿ ಬಳಸುವ ಹೆಚ್ಚಿನ ಡಬಲ್ ಬ್ಯಾರೆಲ್ ಕೋವಿಗಳಲ್ಲಿ ಸೇಫ್ಟಿ ತಡೆಯುವುದು ಟ್ರಿಗರನ್ನು ಮಾತ್ರ. ಹ್ಯಾಮರನ್ನು ಎಳೆದು ಹಿಡಿದಿಡುವ ಕೊಂಡಿಯೇ ಬೇರೆ, ಅದನ್ನು ಸಿಯರ್ ಅಂತಾರೆ. ಆ ಕೊಂಡಿ ಸರಿಯಾಗಿ ಕೂರದಿದ್ದರೆ ಸೇಫ್ಟಿ ಹಾಕಿದ್ದರೂ ಒಂದು ಸಣ್ಣ ಅದುರಿಗೆ ಜಾರುತ್ತದೆ. ಸೇಫ್ಟಿ ಇದೆಯಲ್ಲ ಅಂತ ಧೈರ್ಯವಾಗಿರುವವರು ದಯವಿಟ್ಟು ಇದನ್ನು ಗಮನಿಸಿ.

ತಗೊಂಡ ಅಂಗಡಿಗೇ ಕೋವಿ ಕೊಂಡೊಯ್ದೆ. ಅವರು ತಯಾರಿಸಿದ ಕಂಪನಿಗೆ ಕಳಿಸಿದರು. ಎರಡು ತಿಂಗಳು ಸುದ್ದಿಯೇ ಇಲ್ಲ. ಫೋನ್ ಮಾಡಿದರೆ, 'ಟೆಸ್ಟಿಂಗ್‌ನಲ್ಲಿದೆ ಸರ್'. ಕೊನೆಗೆ ಕೋವಿ ಬಂತು, ಜೊತೆಗೆ ಒಂದು ಪತ್ರ. ಕೋವಿಯಲ್ಲಿ ಯಾವ ದೋಷವೂ ಇಲ್ಲ, ಪ್ರೂಫ್ ಗುರುತು ಇದೆ, ಬಳಸಿದವರು ಟ್ರಿಗರ್ ಒತ್ತಿರಬೇಕು, ಇಲ್ಲವೇ ಸ್ಥಳೀಯವಾಗಿ ಯಾರೋ ಬಿಚ್ಚಿರಬೇಕು, ಇಷ್ಟೇ ಅದರಲ್ಲಿ ಇದ್ದದ್ದು. ಚಿಕ್ಕಪ್ಪನ ಕಾಲಿನ ಬಗ್ಗೆ ಒಂದು ಸಾಲೂ ಇರಲಿಲ್ಲ.

ಪ್ರೂಫ್ ಅಂದರೆ ಹೆಚ್ಚು ಒತ್ತಡದ ತೋಟಾ ಹಾಕಿ, ನಳಿಗೆ ಮತ್ತು ಲಾಕ್ ಆಗುವ ಭಾಗ ತಡೆಯುತ್ತವಾ ಅಂತ ನೋಡುವುದು. ಕೋವಿ ಸಿಡಿಯುವುದಿಲ್ಲ ಅಂತ ಆ ಗುರುತು ಹೇಳುತ್ತದೆ. ಸಿಯರ್ ಜಾರುವುದಿಲ್ಲ ಅಂತ ಅದು ಹೇಳುವುದಿಲ್ಲ. ಕೋವಿ ಮಾಡುವವರಿಗೇ ಇದು ಗೊತ್ತಿಲ್ಲ ಅಂದರೆ ನಂಬಲು ಆಗುತ್ತದಾ?

ನನ್ನ ಹೊಟ್ಟೆ ಉರಿದದ್ದು ಆಮೇಲೆ. ಮತ್ತೆ ಖಾಲಿ ಕೋವಿ ಮುಚ್ಚಿ ನೋಡಿದೆ. ಐವತ್ತು ಸಲ ಮಾಡಿದರೂ ಹ್ಯಾಮರ್ ಬೀಳಲೇ ಇಲ್ಲ! ಕಳಿಸುವ ಮೊದಲು ತೆಗೆದ ಫೋಟೋದಲ್ಲಿ ಕೆಳಗಿನ ಸ್ಕ್ರೂಗಳ ಗೀರು ಎಲ್ಲ ನಳಿಗೆಯ ಉದ್ದಕ್ಕೆ ನೇರವಾಗಿ ಇವೆ. ವಾಪಸ್ ಬಂದಾಗ ಒಂದು ಸ್ಕ್ರೂ ಓರೆಯಾಗಿತ್ತು, ಅಂಚಿನಲ್ಲಿ ಹೊಸ ಹೊಳಪಿನ ಗೀಚು. ಅಲ್ಲಿ ಬಿಚ್ಚಿದ್ದಾರೆ, ಒಳಗೆ ಸರಿ ಮಾಡಿದ್ದಾರೆ ಅಂತಲೇ ನನ್ನ ನಂಬಿಕೆ. ಆದರೆ ಪತ್ರದಲ್ಲಿ 'ದೋಷವಿಲ್ಲ'. ಆ ವಿಡಿಯೋ, ಫೋಟೋ ಇಲ್ಲದಿದ್ದರೆ ಇವತ್ತು ನಾನು ಸುಳ್ಳ ಆಗುತ್ತಿದ್ದೆ.

ಅದಕ್ಕೇ ಹೇಳುವುದು. ಕೋವಿಯಲ್ಲಿ ತೊಂದರೆ ಕಂಡರೆ ನೀವೂ ಬಿಚ್ಚಬೇಡಿ, ಊರಿನ ರಿಪೇರಿಯವರ ಹತ್ತಿರವೂ ಬಿಚ್ಚಿಸಬೇಡಿ. ಅವರು ಎಷ್ಟೇ ಪಳಗಿದ ಕೈಯವರಾಗಿರಲಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೋಷದ ವಸ್ತುವಿನಿಂದ ಆದ ಹಾನಿಗೆ ತಯಾರಕರೇ ಹೊಣೆ ಅಂತ ಇದೆ. ಆದರೆ ಬಳಸಿದವರೇ ಅದನ್ನು ಬದಲಾಯಿಸಿದ್ದರು ಅಂತ ತೋರಿಸಲು ಅವರು ನೋಡೇ ನೋಡುತ್ತಾರೆ. ಅಂಗಡಿಗೆ ಕೊಡುವಾಗ ಏನು ತೊಂದರೆ ಅಂತ ರಸೀದಿಯಲ್ಲೇ ಬರೆಸಿ, ಸಹಿ ಹಾಕಿಸಿಕೊಳ್ಳಿ. ನನ್ನ ರಸೀದಿಯಲ್ಲಿ 'ಸರ್ವಿಸ್‌ಗೆ' ಅಂತ ಮಾತ್ರ ಇತ್ತು. ಆ ಒಂದು ಪದ ಹಿಡಿದುಕೊಂಡೇ ಕಂಪನಿಯವರು ಈಗ ವಾದ ಮಾಡುತ್ತಿದ್ದಾರೆ.

ಮೊದಲು 1915ಕ್ಕೆ ಕರೆ ಮಾಡಿದೆ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕಂಪನಿ ಅಲ್ಲಿಗೂ ಅದೇ ಉತ್ತರ ಕೊಟ್ಟಿತು. ಆಮೇಲೆ ಮಡಿಕೇರಿಯಲ್ಲಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಟ್ಟೆ. ಕಂಪನಿ ಎಲ್ಲೇ ಇರಲಿ, ನಾವು ವಾಸ ಇರುವ ಜಿಲ್ಲೆಯಲ್ಲೇ ಕೊಡಬಹುದು. ಕೊಟ್ಟ ಬೆಲೆ ಐದು ಲಕ್ಷದ ಒಳಗಿದ್ದರೆ ಶುಲ್ಕ ಇಲ್ಲ. ಎರಡು ವರ್ಷದೊಳಗೆ ಕೊಡಬೇಕು, ಅದನ್ನು ಮರೆಯಬೇಡಿ. ವಸ್ತುವನ್ನು ಪರೀಕ್ಷೆಗೆ ಕಳಿಸಿ ಅಂತ ಆಯೋಗವನ್ನೇ ಕೇಳಬಹುದು. ನಾನು ಕೋವಿಯನ್ನು ಕಂಪನಿಗೆ ಕಳಿಸುವ ಮೊದಲೇ ಇದನ್ನು ಮಾಡಬೇಕಿತ್ತು. ಈಗ ಅದು ಸರಿಯಾಗಿ ಬಂದಿರುವುದರಿಂದ ಪರೀಕ್ಷೆಯಲ್ಲಿ ಏನು ಸಿಗುತ್ತದೋ ಅಂತ ಭಯ.

'ಬೇಟೆಗೆ ಹೋಗಿದ್ದಿರಾ?' ಅಂತ ಕಂಪನಿಯವರು ಫೋನಿನಲ್ಲಿ ಕೇಳಿದ್ದು ನನಗೆ ತುಂಬಾ ನೋವಾಯಿತು. ವನ್ಯಜೀವಿ ಕಾಯ್ದೆಯಲ್ಲಿ ಬೇಟೆಗೆ ನಿಷೇಧ ಇದೆ ಅಂತ ನಮಗೂ ಗೊತ್ತು. ಕೊಡಗಿನಲ್ಲಿ ನಮಗೆ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇರುವುದು ನಿಜ, ಆದರೆ ಕೋವಿಯನ್ನು ನಾವು ಆಟದ ಸಾಮಾನಿನ ಹಾಗೆ ಇಟ್ಟುಕೊಂಡವರಲ್ಲ. ಮಗು ಹುಟ್ಟಿದಾಗ, ಮನೆಯಲ್ಲಿ ಸಾವಾದಾಗ, ಸುಗ್ಗಿ ಹಬ್ಬವಾದ ಪುತ್ತರಿಯಲ್ಲಿ ಕದಿರು ಕೊಯ್ಯುವಾಗ ಈಡು ಹಾರಿಸುವ ಜನ ನಾವು. ಅಂಥ ಜಾಗದಲ್ಲಿ ಹೆಂಗಸರು, ಮಕ್ಕಳು ಎಲ್ಲ ಸುತ್ತ ನಿಂತಿರುತ್ತಾರೆ ಅಲ್ವಾ?

ಮನೆಯಲ್ಲಿ ಹೊಸ ಡಬಲ್ ಬ್ಯಾರೆಲ್ ಇದ್ದರೆ ಇವತ್ತೇ ತೋಟಾ ತೆಗೆದು, ನಳಿಗೆ ಎರಡೂ ಖಾಲಿ ಅಂತ ಕಣ್ಣಿಂದ ನೋಡಿ, ಇಪ್ಪತ್ತು ಸಲ ಮಡಚಿ ಮುಚ್ಚಿ. ಕಿವಿ ಕೊಟ್ಟು ಕೇಳಿ. ಒಂದೇ ಒಂದು ಸಲ 'ಟಕ್' ಅಂದರೂ ಅದಕ್ಕೆ ಮತ್ತೆ ತೋಟಾ ಹಾಕಬೇಡಿ. ವಿಡಿಯೋ ಮಾಡಿಟ್ಟು ನನಗೂ ತಿಳಿಸಿ. ನನ್ನ ಮುಂದಿನ ವಾಯಿದೆ ಬರುವ ತಿಂಗಳು ಇದೆ.