"ಇನ್ನೂ ಸ್ವಲ್ಪ ದಿನ ನೋಡಿ" ಅಂದರೆ ಹುಷಾರು: ಹೊಸ ಸ್ಲಾಲಂ ಸ್ಕೀ ಕೊಳ್ಳುವವರಿಗೆ

ಹೊಸ ವಾಟರ್ ಸ್ಕೀ, ಅಂದರೆ ದೋಣಿಯ ಹಿಂದೆ ಹಗ್ಗ ಹಿಡಿದು ನೀರಿನ ಮೇಲೆ ಜಾರುವ ಹಲಗೆ, ಕೊಳ್ಳುವ ಯೋಚನೆ ಇದ್ದರೆ ಇದನ್ನು ಓದಿ ಆಮೇಲೆ ಕಾರ್ಡ್ ತೆಗೆಯಿರಿ. "ಟ್ರಯಲ್ ಇದೆಯಲ್ಲ, ಇಷ್ಟ ಆಗದಿದ್ದರೆ ವಾಪಸ್ ಕೊಟ್ಟರಾಯಿತು" ಎನ್ನುವ ಧೈರ್ಯದಲ್ಲಿ ಇರುವವರಂತೂ ಪೂರ್ತಿ ಓದಿ. ಟ್ರಯಲ್ ಇದ್ದೂ ಹೇಗೆ ಕೈಗೆ ಸಿಗದೆ ಹೋಗುತ್ತದೆ ಅನ್ನುವುದೇ ಈ ಬರಹದ ವಿಷಯ.

ನಾನಿರುವುದು ಫ್ಲೋರಿಡಾದಲ್ಲಿ, ಒರ್ಲಾಂಡೊದಿಂದ ವಿಂಟರ್ ಹೇವನ್ ಕಡೆ ಹೋಗುವ ದಾರಿಯಲ್ಲಿ. ಎತ್ತ ನೋಡಿದರೂ ಕೆರೆ. ವಿಂಟರ್ ಹೇವನ್‌ನ ಸೈಪ್ರೆಸ್ ಗಾರ್ಡನ್ಸ್ 1936ರಲ್ಲಿ ಶುರುವಾಗಿ ವಾಟರ್ ಸ್ಕೀ ಷೋಗಳಿಂದಲೇ ಹೆಸರಾದ ಜಾಗ. ಈಗ ಅಲ್ಲಿ ಲೆಗೋಲ್ಯಾಂಡ್ ಇದೆ. ಈ ಕಡೆ ಇದ್ದುಕೊಂಡು ಸ್ಕೀ ಹುಚ್ಚು ಹಿಡಿಯದಿರುವುದು ಕಷ್ಟ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಸ್ಲಾಲಂ ಅಂದರೆ ಎರಡೂ ಕಾಲು ಒಂದೇ ಹಲಗೆಯ ಮೇಲೆ, ಒಂದರ ಹಿಂದೆ ಒಂದು. ದೋಣಿ 259 ಮೀಟರ್ ಉದ್ದದ ಕೋರ್ಸಿನಲ್ಲಿ ನೇರವಾಗಿ ಹೋಗುತ್ತದೆ. ನೀವು ಹಗ್ಗ ಹಿಡಿದು ಆ ಪಕ್ಕ ಮೂರು, ಈ ಪಕ್ಕ ಮೂರು ತೇಲುವ ಚೆಂಡುಗಳನ್ನು ಸುತ್ತಿ ಬರಬೇಕು. ಚೆಂಡುಗಳು ನಡುಗೆರೆಯಿಂದ 11.5 ಮೀಟರ್ ದೂರದಲ್ಲಿ ಇರುತ್ತವೆ. ಆರೂ ಸಿಕ್ಕರೆ ದೋಣಿಯ ವೇಗ ಗಂಟೆಗೆ 2 ಮೈಲಿ ಏರುತ್ತದೆ. ನಿಮ್ಮ ವಯಸ್ಸಿನವರಿಗೆ ಇರುವ ಗರಿಷ್ಠ ವೇಗ ಮುಟ್ಟಿದ ಮೇಲೆ ಹಗ್ಗ ಗಿಡ್ಡವಾಗುತ್ತಾ ಹೋಗುತ್ತದೆ: 18.25 ಮೀಟರ್, 16, 14.25, ಹೀಗೆ. ಗಂಡಸರ ಓಪನ್ ವಿಭಾಗದಲ್ಲಿ ದೋಣಿ 36 ಮೈಲಿಯಲ್ಲಿ, ಅಂದರೆ ಗಂಟೆಗೆ 58 ಕಿ.ಮೀ. ವೇಗದಲ್ಲಿ ಓಡುತ್ತದೆ. ನಾನು 32 ಮೈಲಿಯವನು. ಈ ನಾಲ್ಕು ಮೈಲಿ ವ್ಯತ್ಯಾಸ ನೆನಪಿರಲಿ.

ಅಂಗಡಿಯವನಿಗೆ ನನ್ನ ತೂಕ ಹೇಳಿದ್ದೆ, ವೇಗವನ್ನೂ ಹೇಳಿದ್ದೆ. ಸ್ಕೀ ಉದ್ದ ಆರಿಸುವುದೇ ಈ ಎರಡರ ಮೇಲೆ. ನಿಧಾನಕ್ಕೆ ಓಡಿಸುವವರಿಗೆ ಅಗಲವಾದ ಸ್ಕೀ ಬೇಕು, ಇಲ್ಲದಿದ್ದರೆ ತಿರುವಿನಲ್ಲಿ ನೀರಿಗೆ ಇಳಿದುಬಿಡುತ್ತದೆ. ಅವನು ಕೊಟ್ಟಿದ್ದು ಕಿರಿದಾದ, ಗಡುಸಾದ, ಪೂರ್ತಿ ಕಾರ್ಬನ್ ಟೂರ್ನಮೆಂಟ್ ಸ್ಕೀ. "ನೀವು ಬೇಗ ಆ ಮಟ್ಟಕ್ಕೆ ಬರ್ತೀರಿ, ಆಗ ಇನ್ನೊಂದು ಕೊಳ್ಳೋದು ಯಾಕೆ?" ಅಂದ. ಬೆಲೆ 2,000 ಡಾಲರ್ ಆಸುಪಾಸು. ಎರಡು ವಾರ ಟ್ರಯಲ್.

ಮೊದಲ ದಿನ ಅದ್ಭುತವಾಗಿತ್ತು. ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದ ಅಂತಾರಲ್ಲ, ಹಾಗೆಯೇ. ಹೊಸ ಸ್ಕೀ ಮೇಲೆ ನಿಂತಾಗ ಮೈಯೆಲ್ಲ ಕಣ್ಣಾಗಿರುತ್ತೆ. ಮಂಡಿ ಬಗ್ಗಿಸುತ್ತೀರಿ, ಹಗ್ಗ ಎಳೆಯದೆ ಕಾಯುತ್ತೀರಿ. ಅಂಕ ಬರುವುದು ಅದರಿಂದ. ಹಳೆ ಅಭ್ಯಾಸಗಳು ವಾಪಸ್ ಬಂದ ಮೇಲೆಯೇ ಸ್ಕೀ ಏನು ಅಂತ ಗೊತ್ತಾಗುವುದು. ಹಾಗಾಗಿ ಮೊದಲ ದಿನದ ಖುಷಿಯನ್ನು ಲೆಕ್ಕಕ್ಕೇ ತಗೋಬೇಡಿ.

ಆಮೇಲೆ ಶುರುವಾಯಿತು ನೋಡಿ. ನನ್ನ ದುರ್ಬಲ ಪಕ್ಕದ ತಿರುವಿನಲ್ಲಿ ಸ್ಕೀ ಸುತ್ತಿ ಬರುತ್ತಲೇ ಇರಲಿಲ್ಲ. ನಿಂತೇಹೋಗುತ್ತಿತ್ತು. ಹಗ್ಗ ಸಡಿಲ ಬಿದ್ದು, ಮರುಕ್ಷಣ ದೋಣಿ ಜಗ್ಗಿದಾಗ ಸೊಂಟ ಹಿಡಿದುಕೊಳ್ಳುತ್ತಿತ್ತು. ಹಳೆ ಸ್ಕೀ ಮೇಲೆ ಕಣ್ಣು ಮುಚ್ಚಿಕೊಂಡು ಮುಗಿಸುತ್ತಿದ್ದ ವೇಗದಲ್ಲೇ ಮೂರು ನಾಲ್ಕು ಚೆಂಡಿಗೆ ಆಟ ಮುಗಿಯುತ್ತಿತ್ತು.

ಅಂಗಡಿಗೆ ಫೋನ್ ಮಾಡಿದೆ. "ಫಿನ್ ಸ್ವಲ್ಪ ಆಳ ಮಾಡಿ" ಅಂದ. ಸ್ಕೀಯ ಹಿಂಭಾಗದಲ್ಲಿ, ಕೆಳಗೆ ಒಂದು ಲೋಹದ ಫಿನ್ ಇರುತ್ತದೆ. ಅದರ ಆಳ ಸುಮಾರು ಎರಡೂವರೆ ಇಂಚು, ಉದ್ದ ಏಳು ಇಂಚಿಗೆ ಸ್ವಲ್ಪ ಕಡಿಮೆ. ಹೊಂದಿಸುವುದು ಇಂಚಿನ ಸಾವಿರದ ಭಾಗಗಳಲ್ಲಿ. ಅದಕ್ಕೆ ಕ್ಯಾಲಿಪರ್ ಅನ್ನುವ ವಿಶೇಷ ಅಳತೆಯ ಸಾಧನ ಬೇಕು, ಅದೂ ಅವನ ಅಂಗಡಿಯಲ್ಲೇ ಸಿಗುತ್ತೆ, ಬಿಡಿ. ಇನ್ನೊಂದು ತಮಾಷೆ. ಫಿನ್ ಉದ್ದವನ್ನು ಕ್ಯಾಲಿಪರ್‌ನ ತುದಿಯಿಂದಲೂ ಅಳೆಯುತ್ತಾರೆ, ದವಡೆಯಿಂದಲೂ ಅಳೆಯುತ್ತಾರೆ. ಒಂದೇ ಫಿನ್‌ಗೆ ಎರಡು ಬೇರೆ ಸಂಖ್ಯೆ ಬರುತ್ತವೆ. ಅವನು ಕೊಟ್ಟ ಸಂಖ್ಯೆ ಯಾವುದರದ್ದು ಅಂತ ಹೇಳಲೇ ಇಲ್ಲ. ಕೇಳಿದರೆ "ಅಷ್ಟೇನೂ ವ್ಯತ್ಯಾಸ ಆಗಲ್ಲ" ಅಂದ. ವ್ಯತ್ಯಾಸ ಆಗದಿದ್ದರೆ ಸಾವಿರದ ಭಾಗದಲ್ಲಿ ಅಳೆಯೋದು ಯಾಕಪ್ಪಾ?

ಅದು ಕೆಲಸ ಮಾಡಲಿಲ್ಲ. ಮುಂದಿನ ಸಲಹೆ, ಸ್ಕೀಗೆ ಸ್ಕ್ರೂ ಹಾಕಿ ಕೂರಿಸಿರುವ ಬೂಟುಗಳನ್ನು ಒಂದು ತೂತು ಮುಂದಕ್ಕೆ ಹಾಕಿ ಅಂತ. ಅದಾದ ಮೇಲೆ ವಿಂಗ್‌ನ, ಅಂದರೆ ಫಿನ್‌ಗೆ ಅಡ್ಡಲಾಗಿ ಕೂರಿಸಿದ ಪುಟ್ಟ ರೆಕ್ಕೆಯ, ಕೋನ ಬದಲಿಸಿ. ಆಮೇಲೆ, "ನಿಮ್ಮ ಕೆರೆ ನೀರು ಬೆಚ್ಚಗಿದೆ, ಅದಕ್ಕೇ." ಪ್ರತಿ ಸಲಹೆಯ ಕೊನೆಗೂ ಅದೇ ಪಲ್ಲವಿ: ಇನ್ನೂ ಸ್ವಲ್ಪ ದಿನ ನೋಡಿ, ಒಗ್ಗುತ್ತೆ. ಗ್ಯಾರೇಜಿನಲ್ಲಿ ಅಲೆನ್ ಕೀ ಹಿಡಿದು ಕೂತಿದ್ದಾಗ ನನ್ನ ಹೆಂಡತಿ, "ಈ ಹಲಗೆಗೆ ಮಾಡೋ ಸೇವೇಲಿ ಅರ್ಧ ಮನೆಗೆ ಮಾಡಿದ್ರೆ ಅಡುಗೆಮನೆ ನಲ್ಲಿ ಸೋರೋದಾದ್ರೂ ನಿಲ್ತಿತ್ತಲ್ರೀ" ಅಂದಳು. ಉತ್ತರ ಇರಲಿಲ್ಲ.

ಇಲ್ಲಿರುವ ಬಲೆ ಗಮನಿಸಿ. ಟ್ರಯಲ್ ಎಣಿಸುವುದು ಕ್ಯಾಲೆಂಡರ್ ದಿನಗಳಲ್ಲಿ. ನೌಕರಿ ಮಾಡುವವರು ನೀರಿಗಿಳಿಯುವುದು ಶನಿವಾರ, ಭಾನುವಾರ. ಒಂದು ಬದಲಾವಣೆ ಸರಿಯೋ ತಪ್ಪೋ ನೋಡಲು ಒಂದು ವಾರಾಂತ್ಯ ಬೇಕು. ಅಂಗಡಿಯವನು ಎರಡು ಸಲಹೆ ಕೊಟ್ಟರೆ ಸಾಕು, ಎರಡು ವಾರ ಮುಗಿದಂತೆಯೇ. ಅವನು ಸುಳ್ಳು ಹೇಳಬೇಕಾಗಿಯೇ ಇಲ್ಲ.

ಬೂಟು ಮುಂದಕ್ಕೆ ಹೋದರೆ ಸ್ಕೀಯ ಮೂತಿ ನೀರನ್ನು ಹೆಚ್ಚು ಕಚ್ಚುತ್ತದೆ. ಒಂದು ಬೆಳಿಗ್ಗೆ ತಿರುವು ಮುಗಿಸುವಾಗ ಮೂತಿ ಕಚ್ಚಿಕೊಂಡಿತು, ಸ್ಕೀ ನಿಂತಿತು, ನಾನು ನಿಲ್ಲಲಿಲ್ಲ. ಮುಖ ಅಡಿಯಾಗಿ ಸ್ಕೀ ಮೇಲಿಂದ ಹಾರಿಬಿದ್ದೆ. ಎರಡೂ ಬೂಟಿನಿಂದ ಕಾಲು ಒಟ್ಟಿಗೆ ಕಳಚಿದ್ದು ನನ್ನ ಪುಣ್ಯ. ಒಂದು ಕಳಚಿ ಇನ್ನೊಂದು ಸಿಕ್ಕಿಕೊಂಡರೆ ಹಿಮ್ಮಡಿಯ ನರವೋ ಮಂಡಿಯೋ ಹೋಗುತ್ತೆ. ನನಗೆ ಪಕ್ಕೆಲುಬಿನ ನೋವಷ್ಟೇ, ಆದರೆ ನಕ್ಕರೂ ನೋಯುತ್ತಿತ್ತು.

ವಾಪಸ್ ತಗೊಳ್ಳಿ ಅಂದಾಗ ಎರಡು ಕಾರಣ ಕೊಟ್ಟರು. ಗಡುವು ದಾಟಿದೆ. ಮತ್ತು ಬೂಟು ಬಿಚ್ಚಿ ಹಾಕಿದ ಗುರುತು ಇದೆ, ಆದ್ದರಿಂದ ಹೊಸದು ಅಂತ ಮಾರಲಾಗುವುದಿಲ್ಲ. ಬೂಟು ಜರುಗಿಸಿ ಅಂದವರು ಯಾರು? ಫೋನಿನಲ್ಲಿ ಹೇಳಿದ ಮಾತಿಗೆ ಸಾಕ್ಷಿ ಎಲ್ಲಿಂದ ತರುವುದು?

ನಿಮಗೆ ಹೀಗಾಗಬಾರದು ಅಂದರೆ ಹಳೆ ಸ್ಕೀ ಮಾರಬೇಡಿ. ಇದು ಎಲ್ಲಕ್ಕಿಂತ ಮುಖ್ಯ. ಹೊಸದು ಕೈಕೊಟ್ಟ ದಿನವೇ, ಅದೇ ಕೆರೆಯಲ್ಲಿ, ಅದೇ ದೋಣಿಯ ಹಿಂದೆ ಹಳೆಯದನ್ನು ಹಾಕಿ ನೋಡಿ. ದೋಣಿಯ ವೇಗ ಹಿಡಿದಿಡುವ ಝೀರೋ ಆಫ್‌ನಲ್ಲಿ ಎ1ರಿಂದ ಸಿ3ರವರೆಗೆ ಸೆಟ್ಟಿಂಗ್ ಇರುತ್ತವೆ, ಅದೂ ಒಂದೇ ಇರಲಿ. ಇಲ್ಲದಿದ್ದರೆ ಎಳೆತ ಬದಲಾಗಿ, ತಪ್ಪು ಸ್ಕೀ ಮೇಲೆ ಬೀಳುತ್ತೆ. ಹಳೆಯದರಲ್ಲೂ ಚೆಂಡು ತಪ್ಪಿದರೆ ಆ ದಿನ ನಿಮ್ಮದಲ್ಲ, ಹೊಸದಕ್ಕೆ ಇನ್ನೊಂದು ಅವಕಾಶ ಕೊಡಿ. ಹಳೆಯದನ್ನು ಹತ್ತಿದ ಕೂಡಲೇ ಮೊದಲಿನ ಅಂಕ ಬಂದರೆ ತೊಂದರೆ ನಿಮ್ಮ ಕಾಲಲ್ಲಿ ಇಲ್ಲ ಅಂತ ಲೆಕ್ಕ.

ಬಂದ ದಿನವೇ ಫಿನ್ ಅಳೆದು ಫೋಟೋ ತೆಗೆದಿಡಿ. ಕಾರ್ಖಾನೆಯ ಸೆಟ್ಟಿಂಗ್‌ನಲ್ಲೇ ಮೊದಲ ವಾರ ಓಡಿಸಿ. ಆಮೇಲೆ ಬೇಕಿದ್ದರೆ ಒಂದೇ ಒಂದು ಬದಲಾವಣೆ ಮಾಡಿ. ಅದರಲ್ಲೂ ಆಗದಿದ್ದರೆ ಎರಡನೆಯದಕ್ಕೆ ಕೈ ಹಾಕದೆ ಪ್ಯಾಕ್ ಮಾಡಿ ಕಳಿಸಿಬಿಡಿ. ನನ್ನ ಲೆಕ್ಕದಲ್ಲಿ ಅಂಕ ಕಡಿಮೆಯಾದರೆ ಸಹಿಸಬಹುದು, ಸ್ವಲ್ಪ ದಿನದಲ್ಲಿ ಸುಧಾರಿಸುವುದೂ ಉಂಟು. ಆದರೆ ಮುಂದಕ್ಕೆ ಎಸೆಯುವ ಸ್ಕೀಗೆ ತಾಳ್ಮೆ ತೋರಿಸುವುದು ಬೇಡ. ಗಡುವು ಬಾಕಿ ಇರಲಿ, ಇಲ್ಲದಿರಲಿ, ಅವತ್ತೇ ಇಳಿದುಬಿಡಿ.

ಅಂಗಡಿಯವರ ಜೊತೆ ಫೋನಿನಲ್ಲಿ ಮಾತಾಡಿದರೂ ಆಮೇಲೆ ಒಂದು ಇಮೇಲ್ ಹಾಕಿ: "ನೀವು ಹೇಳಿದ ಹಾಗೆ ಬೂಟು ಜರುಗಿಸುತ್ತಿದ್ದೇನೆ, ಇದರಿಂದ ವಾಪಸ್ ಕೊಡಲು ತೊಂದರೆ ಇಲ್ಲ ತಾನೇ? ಗಡುವನ್ನು ಯಾವ ತಾರೀಖಿನವರೆಗೆ ಮುಂದಕ್ಕೆ ಹಾಕುತ್ತೀರಿ?" ಉತ್ತರ ಬರುವವರೆಗೆ ಸ್ಕ್ರೂ ಮುಟ್ಟಬೇಡಿ. ಬೆಂಗಳೂರಿಗೋ ಮೈಸೂರಿಗೋ ಹೊರದೇಶದಿಂದ ತರಿಸುವವರಿದ್ದರೆ, ವಾಪಸ್ ಕಳಿಸುವ ಸಾಗಣೆ ಖರ್ಚು ಕೇಳಿಕೊಂಡೇ ಮುಂದುವರಿಯಿರಿ.

ನನ್ನ ಸ್ಕೀಯನ್ನು ಕೊನೆಗೆ ಅರ್ಧಕ್ಕಿಂತ ಕಡಿಮೆ ಬೆಲೆಗೆ ಮಾರಿದೆ. ಕೊಂಡ ಹುಡುಗ 36 ಮೈಲಿಯಲ್ಲಿ ಓಡಿಸುತ್ತಾನೆ, ಫಿನ್ ಅನ್ನು ಕಾರ್ಖಾನೆಯ ಸಂಖ್ಯೆಗೆ ವಾಪಸ್ ಹಾಕಿಕೊಂಡಿದ್ದಾನೆ. ಬಹಳ ಚೆನ್ನಾಗಿದೆ ಅಂತ ಹೇಳಿದ. ಇರಬಹುದು, ಅದನ್ನು ಮಾಡಿದ್ದೇ ಅವನಂಥವರಿಗೆ.