ಜಿಟಿಎ 5: ಆರನೆಯದು ಬರೋವರೆಗೆ ಇದೇ ಗತಿ

ಗ್ರ್ಯಾಂಡ್ ಥೆಫ್ಟ್ ಆಟೋ, ಅಂದರೆ ಜಿಟಿಎ ಸರಣಿಯ 2013ರ ವಿಡಿಯೋ ಗೇಮ್ ಇದು. ಇವತ್ತು ಹಾಕಿದರೂ ಬೋರ್ ಹೊಡೆಸುವುದಿಲ್ಲ. ನಾವು ಆಡಿಸುವ ಪಾತ್ರಗಳಾದ ಮೈಕಲ್, ಫ್ರಾಂಕ್ಲಿನ್, ಟ್ರೆವರ್ ಮೂವರ ನಡುವೆ ಬದಲಾಯಿಸುವುದೇ ನನಗೆ ಈಗಲೂ ಮಜಾ. ಕ್ಯಾಮೆರಾ ಸರ್ರನೆ ಮೇಲೇರಿ, ಮ್ಯಾಪಿನ ಇನ್ನೊಂದು ಮೂಲೆಯಲ್ಲಿ ಇಳಿಯುತ್ತದೆ. ಅಲ್ಲಿ ಟ್ರೆವರ್ ಬರೀ ಚಡ್ಡಿಯಲ್ಲಿ ಬಿದ್ದುಕೊಂಡಿರುತ್ತಾನೆ. ನಾವಿಲ್ಲದಾಗ ಇವನು ಏನು ಮಾಡ್ತಿದ್ದ ಅಂತ ನಗು ಬರುತ್ತದೆ.

ಬೇಜಾರು ಅಂದ್ರೆ ಮಿಷನ್‌ಗಳು. ಇಷ್ಟು ದೊಡ್ಡ ಊರು ಕೊಟ್ಟು, ಹೇಳಿದ ದಾರಿ ಸ್ವಲ್ಪ ಬಿಟ್ಟರೆ ಫೇಲ್ ಮಾಡಿದರೆ ಹೇಗೆ? ಬಹುಪಾಲು ಕಟ್ಟಡಗಳ ಬಾಗಿಲೂ ತೆರೆಯುವುದಿಲ್ಲ. ಬೇರೆ ಆಟಗಾರರ ಜೊತೆ ಆಡುವ ಆನ್‌ಲೈನ್‌ಗೆ ವರ್ಷಗಟ್ಟಲೆ ಅಪ್‌ಡೇಟ್ ಬಂತು. ಕಥೆಗೆ ಮಾತ್ರ ಒಂದೂ ಹೊಸ ಅಧ್ಯಾಯ ಬರಲಿಲ್ಲ. ಆ ಸಿಟ್ಟು ನನಗಿನ್ನೂ ಇಳಿದಿಲ್ಲ.

ಹಾಗಾಗಿ ಕಣ್ಣೆಲ್ಲ ಆರನೆಯದರ ಮೇಲೆ. 2023ರ ಡಿಸೆಂಬರ್‌ನಲ್ಲಿ ಬಂದ ಟ್ರೇಲರ್‌ನ ಶುರುವಿನಲ್ಲೇ ನಾಯಕಿ ಲೂಸಿಯಾ ಜೈಲಿನಲ್ಲಿದ್ದಾಳೆ. 2025ರ ಮೇನಲ್ಲಿ ಬಂದ ಎರಡನೇ ಟ್ರೇಲರ್‌ನಲ್ಲಿ ಅವಳ ಜೊತೆಗಾರ ಜೇಸನ್‌ಗೆ ಜಾಸ್ತಿ ಜಾಗ. ಹಳೆಯ ಜಿಟಿಎಯಲ್ಲಿದ್ದ ಊರು ವೈಸ್ ಸಿಟಿಯೂ ವಾಪಸ್ ಬಂದಿದೆ. ಇಬ್ಬರಲ್ಲಿ ಒಬ್ಬರು ಇನ್ನೊಬ್ಬರಿಗೆ ಕೈ ಕೊಡ್ತಾರೆ ಅಂತ ತುಂಬಾ ಜನ ಪಣ ಕಟ್ಟುತ್ತಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಅಷ್ಟು ಸುಲಭವಾಗಿ ಊಹಿಸುವಂಥ ಕಥೆ ಗೇಮ್ ಮಾಡುವವರು ಬರೆಯಲ್ಲ ಅಲ್ವಾ? ಟ್ರೇಲರ್‌ನ ನಂಬರ್ ಪ್ಲೇಟ್, ಚಂದ್ರನ ಆಕಾರ ನೋಡಿ ಬಿಡುಗಡೆಯ ತಾರೀಖು ಲೆಕ್ಕ ಹಾಕುವವರೂ ಇದ್ದಾರೆ. ಸುಮ್ನೆ ಟೈಮ್‌ಪಾಸ್. ನನಗೆ ಬೇಕಿರುವುದು ಇಷ್ಟೇ: ಒಂದು ದರೋಡೆಯನ್ನು ನನ್ನಿಷ್ಟದ ಹಾಗೆ ಮಾಡಲು ಬಿಡಲಿ, ನಿನ್ನೆ ಲೂಟಿ ಮಾಡಿದ ಅಂಗಡಿಯವನು ಇವತ್ತು ನನ್ನ ಮುಖ ಗುರುತು ಹಿಡಿಯಲಿ.

ಐದನೆಯದನ್ನು ಇನ್ನೂ ಆಡದವರು ಕಥೆಯನ್ನಷ್ಟೇ ಆಡಿ. ಆನ್‌ಲೈನ್ ಸಹವಾಸ ಬೇಡ.